ಊರು ದಾಟಿ ಹೋದ ವಿಮಾನ

ಮುಂದಿನ ಸೀಟಿನ ಬೆನ್ನಿಗಿರುವ ಪರದೆಯಲ್ಲಿ ಪುಟ್ಟ ವಿಮಾನ ಉತ್ತರಕ್ಕೆ, ಇನ್ನೂ ಉತ್ತರಕ್ಕೆ ಹೊರಟಿದೆ. ಊರಿರುವುದು ದಕ್ಷಿಣದಲ್ಲಲ್ಲವೇ? ಶಾಲೆಯ ಗೋಡೆಯ ನಕಾಶೆ ನೋಡಿ ಬೆಳೆದ ಕಣ್ಣಿಗೆ ಇದು ಒಪ್ಪುವುದಿಲ್ಲ. ಗೋಳದ ಮೇಲೆ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ದಾರ ಬಿಗಿಹಿಡಿದು ನೋಡಿ, ಅದು ತಾನಾಗಿಯೇ ಧ್ರುವದ ಕಡೆ ಜಾರುತ್ತದೆ. ಉದ್ದ ಸುಮಾರು 14,000 ಕಿ.ಮೀ.

2021ರ ಜನವರಿ 9ರ ರಾತ್ರಿ ಎಂಟೂವರೆಗೆ ನೆಲ ಬಿಟ್ಟ ಏರ್ ಇಂಡಿಯಾದ ಬೋಯಿಂಗ್ 777 ಇದು. ಈ ಎರಡು ಊರುಗಳ ನಡುವಿನ ಮೊದಲ ನೇರ ಹಾರಾಟ. ಮುಂದೆ ಕಾಕ್‌ಪಿಟ್‌ನಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಯವರು, ಎಲ್ಲರೂ ಹೆಂಗಸರೇ. ಹೊರಗಿನ ಚಳಿಗೆ ರೆಕ್ಕೆಯೊಳಗಿನ ಇಂಧನ ಗಟ್ಟಿಯಾಗದಂತೆ ಅವರು ಅದರ ಉಷ್ಣಾಂಶದ ಮೇಲೆ ಕಣ್ಣಿಟ್ಟಿರಬೇಕು. ಮೈನಸ್ 40 ಡಿಗ್ರಿ ಅದರ ಗಡಿ. ನಿಮಗೆ ಆ ಚಿಂತೆಯಿಲ್ಲ. ಮಾಸ್ಕಿನೊಳಗೆ ಉಸಿರು ಬೆಚ್ಚಗಿದೆ, ಪಾದ ಊದಿವೆ.

ಕಿಟಕಿ ತೆರೆದರೆ ಕತ್ತಲು. ನಿದ್ದೆ ಮಾಡಿ ಎದ್ದರೂ ಕತ್ತಲು. ಅಮೆರಿಕದ ರಾತ್ರಿ ಮುಗಿಯುವ ಮೊದಲೇ ಉತ್ತರ ಧ್ರುವದ ತಿಂಗಳುಗಟ್ಟಲೆ ಇರುಳು ಸಿಕ್ಕಿದೆ. ಅದನ್ನು ದಾಟುವಷ್ಟರಲ್ಲಿ ರಷ್ಯಾದಲ್ಲಿ ಸಂಜೆಯೂ ಕಳೆದಿದೆ. ಹದಿಮೂರೂವರೆ ತಾಸಿನ ಗಡಿಯಾರದ ವ್ಯತ್ಯಾಸದಲ್ಲಿ ಜನವರಿ 10 ಸೂರ್ಯನಿಲ್ಲದೆಯೇ ಮುಗಿದುಹೋಗುತ್ತದೆ.

ಪರದೆಯಲ್ಲಿ ಹೈದರಾಬಾದ್ ಎಂಬ ಹೆಸರು ಮೂಡಿದಾಗ ಕಿಟಕಿಗೆ ಹಣೆ ಒತ್ತುತ್ತೀರಿ. ಕೆಳಗೆ ಚದುರಿದ ದೀಪಗಳು. ಆ ಕಡೆ ಎಲ್ಲೋ ಯಾದಗಿರಿ ಕೋಟೆ, ಅದರಾಚೆ ನಿಮ್ಮೂರು ಹತ್ತಿಕುಣಿ, ಡ್ಯಾಮಿನ ನೀರು, ರಾಶಿಗೆ ಕಾದ ತೊಗರಿ. ಇಲ್ಲೇ ಇಳಿಸಿಬಿಡಿ ಎನ್ನುವ ಹಾಗಿದ್ದರೆ! ಅರ್ಧ ತಾಸು ಕಳೆಯುವುದರೊಳಗೆ ವಿಮಾನ ಬೆಂಗಳೂರಿಗೆ ತಲೆ ತಗ್ಗಿಸುತ್ತದೆ. ನಸುಕಿನ ಮೂರು ದಾಟಿದೆ. ಹದಿನೇಳು ತಾಸಿನ ದಾರಿ ಮುಗಿಯಿತೆಂದು ಸುತ್ತಲಿನವರು ಚಪ್ಪಾಳೆ ತಟ್ಟುತ್ತಾರೆ. ನೀವು ತಟ್ಟುವುದಿಲ್ಲ.

ಕಲಬುರಗಿಗೂ 2019ರ ನವೆಂಬರ್‌ನಲ್ಲಿ ವಿಮಾನ ಶುರುವಾಗಿತ್ತು, ನಿಜ. ಆದರೆ ಈ ಎರಡು ದೊಡ್ಡ ಸೂಟ್‌ಕೇಸುಗಳಿಗೆ ರೈಲೇ ಸರಿ. ಹಗಲೆಲ್ಲ ಕಳೆದು, ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಆಕಾಶದಲ್ಲಿ ದಾಟಿ ಬಂದ ನೆಲವನ್ನೇ ಮತ್ತೆ ಉತ್ತರಕ್ಕೆ ತುಳಿಯುತ್ತೀರಿ. ಗುಂತಕಲ್‌ನಲ್ಲಿ ಚಹಾದವನ ಕೂಗು. ರಾಯಚೂರು ಬಿಟ್ಟ ಮೇಲೆ ಕೃಷ್ಣೆಯ ಸೇತುವೆಯ ಗಡಗಡ ಸದ್ದಿಗೆ ಬೋಗಿಯ ಅರ್ಧ ಜನ ಎದ್ದು ಚಪ್ಪಲಿ ಹುಡುಕುತ್ತಾರೆ.

ಯಾದಗಿರಿ. ಚಳಿ. ನಿಲ್ದಾಣದ ಹೊರಗೆ ಟಂಟಂ ನಿಂತಿದೆ, ಒಳಗೆ ಮೂರೇ ಜನ.

“ಹತ್ತಿಕುಣಿಗೆ ಎಷ್ಟೊತ್ತು ಹಿಡೀತದಪಾ?”

“ಸೀಟು ತುಂಬ್ಲಿ ತಡೀರಿ,” ಎನ್ನುತ್ತಾನೆ ಡ್ರೈವರ್, ನಿಮ್ಮ ಸೂಟ್‌ಕೇಸನ್ನು ಟಾಪಿಗೆ ಎಸೆಯುತ್ತ.