ಡ್ಯಾಶ್‌ಬೋರ್ಡಿನ ಹಿಂದೊಂದು ಕೀ

ಶುಕ್ರವಾರ, ಬೆಳಿಗ್ಗೆ ಹತ್ತು ದಾಟಿದೆ. ಬೆಂಗಳೂರಿನ ಬನಶಂಕರಿ ಅಮ್ಮನ ಗುಡಿಯ ಮುಂದೆ ಹೊಸ ಕಾರೊಂದು ನಿಂತಿದೆ, ಅದರ ಹಿಂದೆ ಸಿಕ್ಕಿಕೊಂಡ ಆಟೋದವನು ಹಾರ್ನ್ ಬಿಡುತ್ತಿಲ್ಲ. ಬಾನೆಟ್ ಮೇಲೆ ಕುಂಕುಮದ ಸ್ವಸ್ತಿಕ, ಅಡ್ಡಕ್ಕೆ ಸೇವಂತಿಗೆ ಹಾರ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಹತ್ತೂವರೆಗೆ ರಾಹುಕಾಲ ಶುರು. ಒಳಗೆ ಹೆಂಗಸರು ಅದಕ್ಕೆಂದೇ ಕಾದು ನಿಂಬೆ ಹೋಳಿನ ದೀಪ ಜೋಡಿಸಿಕೊಂಡಿದ್ದಾರೆ. ಹೊರಗೆ ಕಾರಿನವರಿಗೆ ಅಷ್ಟರೊಳಗೆ ಚಕ್ರ ಉರುಳಿಸಿಬಿಡುವ ಆತುರ.

"ಸ್ಟಾರ್ಟ್ ಮಾಡಿ" ಎಂದರು ಅರ್ಚಕರು. ಕಾರಿನವರ ಮಗ ಒಳಗೆ ಹತ್ತಲಿಲ್ಲ. ನಿಂತಲ್ಲೇ ಕೀ ಮೇಲಿನ ಗುಂಡಿ ಒತ್ತಿ ಹಿಡಿದ. ಖಾಲಿ ಕಾರು ಗುರ್ ಎಂದಿತು. ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದರು.

"ಒಳಗೆ ಯಾರಿದ್ದಾರೋ?"

"ಯಾರೂ ಇಲ್ಲ ಅಜ್ಜಿ, ರಿಮೋಟು."

"ಹಂಗಾದ್ರೆ ಕಳ್ಳನೂ ಒತ್ತಬೋದಲ್ಲೋ!"

ಮೊಮ್ಮಗ ನಕ್ಕ. ಆದರೆ ಅಜ್ಜಿಯ ಪ್ರಶ್ನೆ ನಗುವಂಥದ್ದಲ್ಲ. ಕಂಪನಿಯೇ ಕೊಟ್ಟ ರಿಮೋಟ್ ಸ್ಟಾರ್ಟಿನ ಮಟ್ಟಿಗೆ ಸಮಾಧಾನದ ಉತ್ತರವಿದೆ: ಇಂಜಿನ್ ಓಡುತ್ತದೆ, ಕಾರು ಓಡುವುದಿಲ್ಲ. ಬಾಗಿಲು ಲಾಕ್ ಆಗಿಯೇ ಇರುತ್ತದೆ. ಗಾಜು ಒಡೆದು ಒಳಗೆ ಕೂತವನು ಕೀ ಇಲ್ಲದೆ ಹೊರಡಲು ನೋಡಿದರೆ ಇಂಜಿನ್ ನಿಂತುಹೋಗುತ್ತದೆ. ಯಾರೂ ಬರದಿದ್ದರೂ ಸ್ವಲ್ಪ ಹೊತ್ತಿಗೆ ತಾನಾಗಿಯೇ ಆರುತ್ತದೆ. ನಿಂಬೆಹಣ್ಣು ಚಪ್ಪಟೆಯಾಗಬೇಕಾದರೆ ಮೊಮ್ಮಗ ಕೀ ಸಮೇತ ಒಳಗೆ ಕೂರಲೇಬೇಕು. ಕೂತ. ನಾಲ್ಕೂ ಒಡೆದವು.

ಅಜ್ಜಿಯ ಪ್ರಶ್ನೆಗೆ ಬೇರೆ ಉತ್ತರ ಬೇಕಿದ್ದರೆ ಅಲ್ಲಿಂದ ಸ್ವಲ್ಪ ದೂರ ಬನ್ನಿ, ಸೆಕೆಂಡ್ ಸ್ಟೇಜಿನ ಬಿಡಿಎ ಕಾಂಪ್ಲೆಕ್ಸ್ ಆಸುಪಾಸಿನ ಒಂದು ಅಡ್ಡರಸ್ತೆಗೆ. ಆಟೋ ಎಲೆಕ್ಟ್ರಿಷಿಯನ್ ಅಂಗಡಿ, ಅಗಲ ಒಂದು ಶಟರ್ ಅಷ್ಟೆ. ಹಳೆಯ ಹ್ಯಾಚ್‌ಬ್ಯಾಕ್ ಒಂದರ ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ಕೆಲ್ಲ ಬಿಚ್ಚಿದೆ. ಬ್ಯಾಟರಿ ಪದೇ ಪದೇ ಇಳಿಯುತ್ತದೆ ಎಂದು ಮಾಲೀಕರು ತಂದಿದ್ದಾರೆ. ಎಲೆಕ್ಟ್ರಿಷಿಯನ್ ಸೀಟಿನ ಕೆಳಗೆ ತಲೆ ತೂರಿಸಿ ಮಲಗಿದ್ದಾನೆ, ಬಾಯಲ್ಲಿ ಟಾರ್ಚು. ಕೈಗೆ ಬಂದದ್ದು ಇನ್ಸುಲೇಷನ್ ಟೇಪ್ ಸುತ್ತಿದ ಒಂದು ಪುಟ್ಟ ಡಬ್ಬಿ.

"ಸಾರ್, ನಿಮ್ಮ ಸ್ಪೇರ್ ಕೀ ಎಲ್ಲಿದೆ?"

"ಮನೇಲಿ, ಬೀರುವಿನಲ್ಲಿ."

"ಇಲ್ಲ ಸಾರ್. ಇಲ್ಲಿದೆ."

ಈಗಿನ ಕೀಗಳ ತಲೆಯಲ್ಲಿ ಬ್ಯಾಟರಿಯಿಲ್ಲದ ಸಣ್ಣ ಚಿಪ್ ಇರುತ್ತದೆ. ಕೀ ತೂರಿಸುವ ಜಾಗದ ಸುತ್ತಲಿನ ತಂತಿಬಳೆ ಅದನ್ನು ಮಾತಾಡಿಸುತ್ತದೆ, ಸರಿಯಾದ ಗುರುತು ಬಾರದಿದ್ದರೆ ಇಂಜಿನ್ ಹತ್ತುವುದಿಲ್ಲ. ಇಮ್ಮೊಬಿಲೈಜರ್ ಎಂದರೆ ಇದೇ. ಇದಿಲ್ಲದ ಕಿಯಾ, ಹ್ಯುಂಡೈ ಕಾರುಗಳನ್ನು ಅಮೆರಿಕದ ಹುಡುಗರು 2022ರಲ್ಲಿ ಯುಎಸ್‌ಬಿ ಕೇಬಲಿನ ತುದಿಯಿಂದ ತಿರುಗಿಸಿ ಓಡಿಸಿಕೊಂಡು ಹೋದರು. ಕಾರು ಕೊಂಡ ಮೇಲೆ ಹೊರಗಡೆ ಹಾಕಿಸುವ ರಿಮೋಟ್ ಸ್ಟಾರ್ಟರಿಗೆ ಈ ಕಾವಲುಗಾರನೇ ಅಡ್ಡಿ. ಹಾಗಾಗಿ ಕಾರಿನ ಎರಡನೇ ಕೀಯನ್ನೋ ಅದರ ಚಿಪ್ಪನ್ನೋ ಡಬ್ಬಿಯಲ್ಲಿಟ್ಟು ಡ್ಯಾಶ್‌ಬೋರ್ಡಿನ ಹಿಂದೆ ಕಟ್ಟಿಬಿಡುವುದು ಹಳೆಯ ಉಪಾಯ. ಗುಂಡಿ ಒತ್ತಿದಾಗಲೆಲ್ಲ ಡಬ್ಬಿಯೊಳಗಿನ ಚಿಪ್ "ನಾನೇ ಕೀ" ಎನ್ನುತ್ತದೆ. ಕಳ್ಳನಿಗೆ ಬೇಕಾದ್ದು ಕಾರಿನಲ್ಲೇ ಇದೆ.

ಮಾಲೀಕರ ಮುಖ ಇಳಿದದ್ದು ಕಳ್ಳನ ಯೋಚನೆಗಲ್ಲ, ಎಲೆಕ್ಟ್ರಿಷಿಯನ್ನಿನ ಮುಂದಿನ ಮಾತಿಗೆ: "ಗಾಡಿ ಹೋದ್ರೆ ಇನ್ಶೂರೆನ್ಸ್‌ನೋರು ಎರಡೂ ಕೀ ಕೇಳ್ತಾರೆ." ಕಾರು ಪತ್ತೆಯಾಗಲಿಲ್ಲವೆಂಬ ಪೊಲೀಸರ 'ಸಿ' ರಿಪೋರ್ಟ್ ಕೈಯಲ್ಲಿದ್ದರೂ, ಒಂದು ಕೀ ಕಾರಿನ ಜೊತೆಗೇ ಹೋಯಿತು ಎಂದು ಯಾವ ಮುಖ ಇಟ್ಟುಕೊಂಡು ಬರೆದುಕೊಡುವುದು?

"ಸ್ನಾನಕ್ಕೆ ಹೋಗೋ ಮುಂಚೆ ಆನ್ ಮಾಡಿದ್ರೆ, ಬರೋಷ್ಟರಲ್ಲಿ ಎಸಿ ತಣ್ಣಗಿರುತ್ತೆ ಅಂತ..." ಎಂದರು ಅವರು. ಹಿಮ ಬೀಳುವ ಊರಿನವರಿಗೆ ರಿಮೋಟ್ ಸ್ಟಾರ್ಟ್ ಅನುಕೂಲವೇ. ಬನಶಂಕರಿಯಲ್ಲಿ ಬೆಳಗಿನ ಎಂಟು ಗಂಟೆಗೆ ಎಸಿ ಯಾಕೆ ಎಂದು ಯಾರೂ ಕೇಳಲಿಲ್ಲ. ಸಾರ್ವಜನಿಕ ಜಾಗದಲ್ಲಿ ಲೈಸೆನ್ಸ್ ಇದ್ದವರು ಸೀಟಿನಲ್ಲಿ ಇಲ್ಲದಿದ್ದರೆ ಇಂಜಿನ್ ನಿಲ್ಲಿಸಿರಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 126ನೇ ಸೆಕ್ಷನ್ ಹೇಳುತ್ತದೆ. ಮೇಲಾಗಿ ಇದು ಗೇರಿನ ಕಾರು. ಇಳಿಜಾರಿನಲ್ಲಿ ಗೇರಿಗೆ ಹಾಕಿ ನಿಲ್ಲಿಸುವುದು ನಮ್ಮ ಅಭ್ಯಾಸ. ಅಗ್ಗದ ಕಿಟ್ಟಿಗೆ ಅದು ತಿಳಿಯದೆ ಹೋದರೆ, ಬಾತ್‌ರೂಮಿನಿಂದ ಒತ್ತಿದ ಗುಂಡಿಗೆ ಕಾರು ಎದುರುಮನೆಯ ಗೇಟಿಗೆ ಹಾರೀತು.

ಸರದಿಗೆ ಕಾದಿದ್ದ ಥರ್ಡ್ ಸ್ಟೇಜಿನ ಮೇಡಂಗೆ ಇಷ್ಟು ಕೇಳಿಯೇ ದಿಗಿಲು. ಅವರದು ಕೀ ಜೇಬಲ್ಲಿದ್ದರೆ ಸಾಕು, ಬಾಗಿಲು ತೆರೆಯುವ ಕಾರು. ಮನೆಯಲ್ಲಿ ಒಂದಕ್ಕೇ ಜಾಗ, ಹಾಗಾಗಿ ಇದು ಕಾಂಪೌಂಡಿನಾಚೆ ಹೊಂಗೆಮರದ ಕೆಳಗೆ. ಕೀ ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಮೇಲೆ. ಇಂಥ ಕಾರು 125 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಮೆಲ್ಲಗೆ ಕರೆಯುತ್ತದೆ, ಹತ್ತಿರವಿದ್ದರೆ ಕೀ ಓಗೊಡುತ್ತದೆ. ಕರೆಯನ್ನು ಒಬ್ಬ ಕಾರಿನ ಬಳಿ ಹಿಡಿದು, ಇನ್ನೊಬ್ಬ ಮನೆಬಾಗಿಲ ಬಳಿ ಮತ್ತೆ ಹೊರಡಿಸಿದರೆ ಕೀ ಮೋಸಹೋಗುತ್ತದೆ. ರಿಲೇ ಕಳ್ಳತನ ಎಂದರೆ ಇದು. ಒಮ್ಮೆ ಹೊರಟ ಕಾರು ಕೀ ದೂರವಾಯಿತೆಂದು ನಡುರಸ್ತೆಯಲ್ಲಿ ನಿಲ್ಲುವುದೂ ಇಲ್ಲ, ಹಾಗೆ ನಿಂತರೆ ಅಪಘಾತವಾದೀತು.

ಕರೆ ಕೀಗೆ ತಲುಪದಂತೆ ತಡೆಯಲು ಎಲೆಕ್ಟ್ರಿಷಿಯನ್ನಿನ ಹುಡುಗ ಪಕ್ಕದ ಟೀ ಅಂಗಡಿಯಿಂದ ಸ್ಟೀಲ್ ಡಬ್ಬಿ ತಂದ. ಕೀ ಒಳಗಿಟ್ಟು ಮುಚ್ಚಿ, ಕಾರಿಗೆ ಒತ್ತಿ ನಿಂತು ಹ್ಯಾಂಡಲ್ ಮುಟ್ಟಿದರು. ಬಾಗಿಲು ತೆರೆಯಿತು! ಮುಚ್ಚಳ ಸಡಿಲ. ಫಾಯಿಲ್ ಸುತ್ತಿ ಇಟ್ಟ ಮೇಲೆ ಕಾರು ಮಿಸುಕಲಿಲ್ಲ.

"ಇಷ್ಟಕ್ಕೇ ನಿಲ್ಲಲ್ಲ ಮೇಡಂ" ಎಂದು ಎಲೆಕ್ಟ್ರಿಷಿಯನ್ ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟ್ ತೋರಿಸಿದ. ಸರ್ವೀಸಿನವರು ಲ್ಯಾಪ್‌ಟಾಪ್ ಸಿಕ್ಕಿಸುವ ಜಾಗ. ಕೀ ಕಳೆದುಕೊಂಡವರ ಕಾರಿಗೆ ಹೊಸ ಕೀಯ ಪರಿಚಯ ಮಾಡಿಸುವುದೂ ಇಲ್ಲಿಂದಲೇ, ಕಳ್ಳನಿಗೂ ಇದೇ ದಾರಿ. 2021ರಲ್ಲಿ ಹೈದರಾಬಾದಿನ ಹೋಟೆಲೊಂದರಿಂದ ಕನ್ನಡ ಚಿತ್ರ ನಿರ್ಮಾಪಕರೊಬ್ಬರ ಕಾರು ಮಾಯವಾಗಿತ್ತು. ಮರುವರ್ಷ ಬೆಂಗಳೂರು ಪೊಲೀಸರ ಕೈಗೆ ಸಿಕ್ಕ ಜೈಪುರದ ಎಂಬಿಎ ಪದವೀಧರನ ಮೇಲಿನ ಆರೋಪಗಳಲ್ಲಿ ಅದೂ ಒಂದು. ಯಂತ್ರ ಬಳಸಿ ದುಬಾರಿ ಕಾರುಗಳಿಗೆ ನಕಲಿ ಕೀ ಮಾಡಿಕೊಳ್ಳುತ್ತಿದ್ದ ಎಂದರು ಪೊಲೀಸರು. ಅದಕ್ಕೆ ಎಲೆಕ್ಟ್ರಿಷಿಯನ್ ಕೊಡುವ ಮದ್ದು ತೀರಾ ಹಳೆಯದು: ಪೋರ್ಟಿಗೊಂದು ಬೀಗದ ಮುಚ್ಚಳ, ಕಣ್ಣಿಗೆ ಕಾಣುವ ಸ್ಟೀರಿಂಗ್ ಲಾಕು, ಸೀಟಿನಡಿ ಎಲ್ಲೋ ಅಡಗಿಸಿದ ಒಂದು ಸ್ವಿಚ್ಚು.

ಅಷ್ಟರಲ್ಲಿ ಹ್ಯಾಚ್‌ಬ್ಯಾಕಿನ ಡಬ್ಬಿ ಬಿಚ್ಚಿದ್ದಾಗಿತ್ತು. ಕೀ ಮೇಲಿನ ಅಂಟು ಒರೆಸಿ ಮಾಲೀಕರ ಕೈಗಿಟ್ಟ.

"ಎರಡನ್ನೂ ಒಂದೇ ರಿಂಗಿಗೆ ಹಾಕ್ಬೇಡಿ ಸಾರ್."

"ಬಿಚ್ಚಿದ್ದಕ್ಕೂ ಚಾರ್ಜಾ?"

"ಹಾಕೋದಕ್ಕಿಂತ ಜಾಸ್ತಿ ಸಾರ್. ಅವರು ಕತ್ತರಿಸಿದ ವೈರೆಲ್ಲ ನಾನು ಸೇರಿಸಬೇಕಲ್ಲ."