ಒಂದೇ ಪೀಕಿನೊಳಗೆ ಎರಡು

ತೊಂಬತ್ತರ ದಶಕದಲ್ಲಿ ಕಾರ್ಖಾನೆಗಳಿಗೆ ಕಂಪನ ಅಳೆಯಲು ಹೋಗುವಾಗ ನಾವು ಹೊರುತ್ತಿದ್ದದ್ದು ಎಚ್‌ಪಿ 35665ಎ ಅನಲೈಸರ್. ಮುಂದೆ ಫ್ಲಾಪಿ ಹಾಕುವ ಬಾಯಿ, ಪಕ್ಕದಲ್ಲಿ ಸಣ್ಣ ಪರದೆ. ಅದರ ಸ್ಪ್ಯಾನ್, ಅಂದರೆ ಒಮ್ಮೆಗೆ ನೋಡುವ ಫ್ರೀಕ್ವೆನ್ಸಿಯ ವ್ಯಾಪ್ತಿ, 1.6 ಕಿಲೋಹರ್ಟ್ಸ್, 800, 400, 200 ಹೀಗೆ ಅರ್ಧರ್ಧ ಇಳಿಯುತ್ತಿತ್ತು. ಆ ವ್ಯಾಪ್ತಿಯನ್ನು ಹಂಚಲು ನಾವು ಇಡುತ್ತಿದ್ದದ್ದು 400 ಲೈನು. 1.6 ಕಿಲೋಹರ್ಟ್ಸನ್ನು 400ಕ್ಕೆ ಹಂಚಿದರೆ ಲೈನಿಗೆ 4 ಹರ್ಟ್ಸ್. ಅದಕ್ಕಿಂತ ಹತ್ತಿರದ ಎರಡು ಕಂಪನಗಳು ಒಂದೇ ಪೀಕಾಗಿ ಕಾಣುತ್ತಿದ್ದವು.

ಎರಡು ಪೋಲಿನ ಪಂಪ್ ಮೋಟಾರುಗಳಲ್ಲಿ ಇದೇ ತಲೆನೋವು. 50 ಹರ್ಟ್ಸ್ ಕರೆಂಟಿನಲ್ಲಿ ಮೋಟಾರು ನಿಮಿಷಕ್ಕೆ 2980 ಸುತ್ತು ತಿರುಗಿದರೆ, ಅದರ ಎರಡರಷ್ಟು 99.33 ಹರ್ಟ್ಸ್. ಅಲೈನ್‌ಮೆಂಟ್ ತಪ್ಪಿದರೆ ಪೀಕ್ ಏಳುವುದು ಹೆಚ್ಚಾಗಿ ಅಲ್ಲಿ. ಸ್ಟೇಟರಿನ ಕಾಂತಬಲ ನಡುಗಿಸುವುದು 100ರಲ್ಲಿ. ಫಿಟ್ಟರನ್ನು ಕರೆಯಬೇಕೋ ಎಲೆಕ್ಟ್ರಿಷಿಯನ್ನನ್ನೋ? ಕರೆಂಟ್ ಕಿತ್ತರೆ ತಿಳಿಯುತ್ತಿತ್ತು: ವಿದ್ಯುತ್ತಿನ ಕಂಪನ ಆ ಕ್ಷಣವೇ ಸಾಯುತ್ತದೆ, ಯಾಂತ್ರಿಕ ಕಂಪನ ವೇಗದ ಜೊತೆ ಮೆಲ್ಲಗೆ ಇಳಿಯುತ್ತದೆ. ಆದರೆ ನಡೆಯುತ್ತಿರುವ ಪಂಪು ನಿಲ್ಲಿಸಲು ಯಾವ ಸೂಪರ್‌ವೈಸರ್ ಒಪ್ಪುತ್ತಾನೆ?

ಆಗ ಜೂಮ್. ನಡುಬಿಂದುವನ್ನು ಆ ಪೀಕಿನ ಮೇಲಿಟ್ಟು ಸ್ಪ್ಯಾನ್ 25 ಹರ್ಟ್ಸಿಗೆ ಇಳಿಸಿದರೆ ಲೈನಿಗೆ 0.0625 ಹರ್ಟ್ಸ್. ಒಂದು ಪೀಕ್ ಎರಡಾಗಿ ಸೀಳುತ್ತಿತ್ತು. ಬೆಲೆ ಮಾತ್ರ ಕಾಲದಲ್ಲಿ ತೆರಬೇಕು: ಕಾಲು ಸೆಕೆಂಡಿನಲ್ಲಿ ಮುಗಿಯುತ್ತಿದ್ದ ದಾಖಲೆಗೆ ಈಗ 16 ಸೆಕೆಂಡು, ಸರಾಸರಿ ಬೇಕಾದರೆ ಇನ್ನೂ ಹೆಚ್ಚು.

ಅಷ್ಟು ಹೊತ್ತು ಕರೆಂಟ್ ಅಲುಗಾಡದೆ ಇರಬೇಕಲ್ಲ! ದಕ್ಷಿಣದ ಗ್ರಿಡ್ ಆಗ ಉತ್ತರದಿಂದ ಬೇರೆಯಾಗಿ ನಡೆಯುತ್ತಿತ್ತು. ಬೇಡಿಕೆ ಏರಿದ ಸಂಜೆಗಳಲ್ಲಿ ಅದು 48.5ಕ್ಕೆ ಕುಸಿದರೆ ನಮ್ಮ 100ರ ಪೀಕ್ 97ರಲ್ಲಿ ಸಿಗುತ್ತಿತ್ತು. ದಾಖಲೆ ನಡೆಯುತ್ತಿರುವಾಗಲೇ ಫ್ರೀಕ್ವೆನ್ಸಿ ಸರಿದರೆ ಎರಡು ಪೀಕುಗಳೂ ಹರಡಿಕೊಂಡು ಮತ್ತೆ ಒಂದಾಗುತ್ತಿದ್ದವು. ಕಂಟ್ರೋಲ್ ರೂಮಿನ ಫ್ರೀಕ್ವೆನ್ಸಿ ಮೀಟರ್ ನೋಡಿ, ಅದು ನಿಂತಾಗ ಸ್ಟಾರ್ಟ್ ಒತ್ತುವುದು ನಮ್ಮ ಪದ್ಧತಿಯಾಯಿತು.

2003ರ ಜನವರಿಯಲ್ಲಿ, ಫ್ರೀಕ್ವೆನ್ಸಿಗೆ ತಕ್ಕಂತೆ ದರ ಏರಿಳಿಯುವ ಎಬಿಟಿ ದಕ್ಷಿಣಕ್ಕೆ ಬಂದ ಮೇಲೆ ಗ್ರಿಡ್ ಶಿಸ್ತು ಕಲಿಯಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗದ ಮೂಲಕ ದಕ್ಷಿಣವೂ ದೇಶದ ಗ್ರಿಡ್ಡಿಗೆ ಸೇರಿತು. ನಮ್ಮ ಪೀಕುಗಳು 100ರ ಆಸುಪಾಸಿಗೆ ಮರಳಿದವು.

ಅಷ್ಟರಲ್ಲಿ ಉಪಕರಣವೂ ಅಂಗೈಗೆ ಇಳಿದಿತ್ತು. 12800 ಲೈನು ಇಟ್ಟರೆ 1.6 ಕಿಲೋಹರ್ಟ್ಸ್ ಪೂರ್ತಿ 0.125 ಹರ್ಟ್ಸ್ ಲೆಕ್ಕದಲ್ಲಿ ಸಿಗುತ್ತದೆ. ಹೊಸ ಹುಡುಗರಿಗೆ ಜೂಮ್ ಎಂದರೆ ಪರದೆಯ ಮೇಲೆ ಎರಡು ಬೆರಳು ಅಗಲಿಸುವುದು. ಹಾಗೆ ಅಗಲಿಸಿದರೆ ಚಿತ್ರ ದೊಡ್ಡದಾಗುತ್ತದೆ, ಬೆಸೆದ ಪೀಕ್ ಬಿಡಿಸಿಕೊಳ್ಳುವುದಿಲ್ಲ. ಬಿಡಿಸಲು ಈಗಲೂ 8 ಸೆಕೆಂಡಿನ ದಾಖಲೆ ಬೇಕೇ ಬೇಕು.

ಗ್ರಿಡ್ ಸ್ಥಿರವಾದರೂ ಮೋಟಾರುಗಳು ಈಗ ಡ್ರೈವಿನ ಮೇಲಿವೆ, ಹರಿವಿಗೆ ತಕ್ಕಂತೆ ವೇಗ ಬದಲಿಸುತ್ತವೆ. ಅದಕ್ಕೇ ಕಾರ್ಖಾನೆಗೆ ಹೋದ ಕೂಡಲೇ ಆಪರೇಟರನ್ನು ಕೇಳಿಕೊಳ್ಳುತ್ತೇನೆ: "ಒಂದು ನಿಮಿಷ ಸ್ಪೀಡು ಹಾಗೇ ಹಿಡಿದಿಡಿ ಸಾರ್."