ಮಲ್ಪೆಯ ಆಚೆಗೊಂದು ದ್ವೀಪ



ಭಾಂಡುಪಿನಲ್ಲಿ ಹುಟ್ಟಿ ಬೆಳೆದ ನಿಮ್ಮನ್ನು ದ್ವೀಪವಾಸಿಗಳೆಂದು ಕರೆದರೆ ನಗುತ್ತೀರೇನೋ. ಆದರೆ ಮಾತು ಸುಳ್ಳಲ್ಲ. ಹಳೆಯ ಮುಂಬಯಿ ಏಳು ದ್ವೀಪಗಳನ್ನು ಕೂಡಿಸಿ ಆದ ನಗರ. ಅದರ ಉತ್ತರಕ್ಕಿರುವ ಸಾಷ್ಟಿ ಎಂಬ ದೊಡ್ಡ ದ್ವೀಪದ ಮೇಲೆ, ಠಾಣೆ ಖಾಡಿಯ ಪಕ್ಕದಲ್ಲಿ, ನಮ್ಮ ಭಾಂಡುಪ್ ಇದೆ. ಕಟ್ಟಡಗಳ ನಡುವೆ ಈ ಸಂಗತಿ ಮರೆತುಹೋಗಿದೆ, ಅಷ್ಟೆ.

ರಜೆ ಬಂತೆಂದರೆ ನಿಮ್ಮಲ್ಲಿ ಅಂಡಮಾನ್, ಮಾಲ್ದೀವ್ಸ್, ಮಾರಿಷಸ್ ಎಂದು ಮಾತು ನಡೆಯುತ್ತದೆ. ಹೋಗಬೇಡಿ ಎನ್ನುವವನು ನಾನಲ್ಲ. ಆದರೆ ನಿಮ್ಮಲ್ಲಿ ಹೆಚ್ಚಿನವರ ಹಿರಿಯರು ಬಂದ ಉಡುಪಿಯ ಕಡಲಿನಲ್ಲಿಯೇ ಒಂದು ದ್ವೀಪ ಸಮೂಹವಿದೆ. ಅದನ್ನು ನೋಡಿದವರು ನಿಮ್ಮಲ್ಲಿ ಎಷ್ಟು ಮಂದಿ? ಮಲ್ಪೆ ಬಂದರಿನಿಂದ ಪಶ್ಚಿಮಕ್ಕೆ ಆರೇಳು ಕಿಲೋಮೀಟರ್ ದೂರದ ಸೇಂಟ್ ಮೇರಿಸ್ ದ್ವೀಪಗಳ ಬಗ್ಗೆ ಹೇಳುತ್ತಿದ್ದೇನೆ.

ಈ ಸಮೂಹದಲ್ಲಿ ಮುಖ್ಯವಾದವು ನಾಲ್ಕು. ಪ್ರವಾಸಿಗಳು ಹೋಗುವುದು ತೆಂಗಿನ ಮರಗಳಿಂದ ಹೆಸರು ಪಡೆದ ಕೋಕೊನಟ್ ದ್ವೀಪಕ್ಕೆ. ನಡೆದು ಸುತ್ತಿದರೆ ಬೇಗನೆ ಮುಗಿಯುವಷ್ಟು ಚಿಕ್ಕದು. ಕೆಲವು ಕಡೆ ದಂಡೆಯಲ್ಲಿ ಮರಳಿಗಿಂತ ಚಿಪ್ಪುಗಳೇ ಹೆಚ್ಚು. 1498ರಲ್ಲಿ ಭಾರತಕ್ಕೆ ಬಂದ ವಾಸ್ಕೋ ಡ ಗಾಮ ಇಲ್ಲಿ ಇಳಿದು, ಮಾತೆ ಮೇರಿಯ ಹೆಸರಿನಲ್ಲಿ ಶಿಲುಬೆ ನೆಟ್ಟನೆಂದೂ, ಅದರಿಂದಲೇ ಈ ಹೆಸರು ಬಂತೆಂದೂ ಪ್ರತೀತಿ.

ಆದರೆ ದ್ವೀಪದ ನಿಜವಾದ ಸಂಪತ್ತು ಅಲ್ಲಿನ ಕಲ್ಲು. ಬಡಗಿಯೊಬ್ಬ ಅಳತೆ ಹಿಡಿದು ಕೆತ್ತಿ ನಿಲ್ಲಿಸಿದಂತೆ ಐದು, ಆರು, ಏಳು ಮೂಲೆಗಳ ಕಂಬಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಇದು ಮನುಷ್ಯನ ಕೈಕೆಲಸವಲ್ಲ. ಭೂಮಿಯೊಳಗಿನಿಂದ ಉಕ್ಕಿದ ಲಾವಾ ನಿಧಾನವಾಗಿ ತಣಿಯುವಾಗ ಕುಗ್ಗಿತು, ಕುಗ್ಗುವಾಗ ಬಿರಿಯಿತು. ಬೇಸಿಗೆಯಲ್ಲಿ ಕೆರೆಯ ಕೆಸರು ಒಣಗಿ ಚೂರುಚೂರಾಗಿ ಬಿರಿಯುತ್ತದಲ್ಲ, ಹಾಗೆ. ಬಿರುಕು ಮೇಲಿನಿಂದ ಕೆಳಕ್ಕೆ ಇಳಿದಂತೆ ಕಂಬಗಳಾದವು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರ್ಪಡುತ್ತಿದ್ದ ಕಾಲದ ಕಲ್ಲುಗಳಿವು ಎನ್ನುತ್ತಾರೆ ವಿಜ್ಞಾನಿಗಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಇದೇ ಬಗೆಯ ಕಲ್ಲಿನ ಕಂಬಗಳನ್ನು ಮುಂಬಯಿಯಲ್ಲಿಯೇ ನೋಡಬಹುದು. ಅಂಧೇರಿಯ ಗಿಲ್ಬರ್ಟ್ ಹಿಲ್‌ಗೆ ಹೋಗಿ. ಸುಮಾರು 200 ಅಡಿ ಎತ್ತರದ ಆ ಬಂಡೆ ಸುಮಾರು 6.6 ಕೋಟಿ ವರ್ಷ ಹಳೆಯದು. ಅಂದರೆ ಮಲ್ಪೆಯ ಕಲ್ಲುಗಳಿಗೆ ತಮ್ಮ. ನೀವು ಹುಟ್ಟಿದ ಊರಿಗೂ ನಿಮ್ಮ ಹಿರಿಯರ ಊರಿಗೂ ಹೀಗೊಂದು ನೆಂಟಸ್ತಿಕೆ ಇದೆ ಎಂಬುದು ನನಗೆ ಬಹಳ ಇಷ್ಟದ ಸಂಗತಿ.

ಕೆಲವು ವರ್ಷಗಳ ಹಿಂದೆ ಡಿಸೆಂಬರಿನಲ್ಲಿ ನನ್ನ ತಂಗಿಯ ಇಬ್ಬರು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಬೋಟಿನಲ್ಲಿ ಸೊಸೆ ನಡೆಸುವವರೊಡನೆ ಹಿಂದಿಯಲ್ಲಿ ಮಾತು ತೆಗೆದಳು. ಅವರು, "ಕನ್ನಡ ಬರುವುದಿಲ್ಲವಾ ಮಗಾ?" ಎಂದರು. "ಬರುತ್ತದೆ ಅಣ್ಣ, ಸ್ವಲ್ಪ ತಪ್ಪಾಗುತ್ತದೆ" ಎಂದಳು. "ತಪ್ಪಾದರೆ ಏನು ಮಾರಾಯ್ತಿ, ಕಡಲಿಗೆ ಬಿದ್ದು ಹೋಗುವುದಿಲ್ಲವಲ್ಲ!" ಎಂದು ಅವರು ನಕ್ಕರು. ತಾವು ಯೌವನದಲ್ಲಿ ನಾಲ್ಕು ವರ್ಷ ಮುಂಬಯಿಯ ಸಸೂನ್ ಡಾಕ್‌ನಲ್ಲಿ ದುಡಿದ ಕಥೆ ಹೇಳಿದರು. ಗಾಳಿ ಯಾವ ಕಡೆಯಿಂದ ಬೀಸಿದರೆ ಬೋಟು ಬಿಡುವುದಿಲ್ಲ, ಮಳೆಗಾಲದಲ್ಲಿ ಮೀನುಗಾರರು ಏನು ಮಾಡುತ್ತಾರೆ ಎಂದೆಲ್ಲ ಅವಳು ಕೇಳುತ್ತಲೇ ಹೋದಳು. ಮನೆಯಲ್ಲಿ ತಾಯಿ ಎಷ್ಟು ಹೇಳಿದರೂ ಬಾರದ ಕನ್ನಡ ಅಂದು ತಾನಾಗಿ ಬಂತು. ಕೇಳಲು ಏನಾದರೂ ಇದ್ದರೆ ಭಾಷೆ ಬರುತ್ತದೆ.

ಹೋಗುವವರಿಗೆ ಕೆಲವು ಸೂಚನೆಗಳು. ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಹೊರಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸನ್ನು ನಾವು ಭಾಂಡುಪಿನವರು ಠಾಣೆಯಲ್ಲಿ ಹತ್ತಬಹುದು. ಮರುದಿನ ಬೆಳಿಗ್ಗೆ ಉಡುಪಿ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಳ್ಳುವ ಮೊದಲು ಬಸ್ಸಿನಲ್ಲಿ ಸೊಂಟ ನೋಯಿಸಿಕೊಂಡು ಹೋಗುತ್ತಿದ್ದ ನಮಗೆ ಈ ಸುಖದ ಬೆಲೆ ಗೊತ್ತು. ಉಡುಪಿಯಿಂದ ಮಲ್ಪೆ ಹತ್ತಿರ, ಸಿಟಿ ಬಸ್ಸು ಸಿಗುತ್ತದೆ. ಮಳೆಗಾಲದಲ್ಲಿ ದ್ವೀಪಕ್ಕೆ ಬೋಟುಗಳಿಲ್ಲ. ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಅಲ್ಲಿ ರಾತ್ರಿ ತಂಗುವಂತಿಲ್ಲ. ಟೋಪಿ, ಕುಡಿಯುವ ನೀರು ಜೊತೆಗಿರಲಿ. ಒಯ್ದ ಬಾಟಲಿ, ಪೊಟ್ಟಣಗಳನ್ನು ಮರಳಿ ತನ್ನಿ.

ಇನ್ನೊಂದು ಮಾತನ್ನು ಗಂಭೀರವಾಗಿ ಕೇಳಿ. ಅಂಚಿನ ಬಂಡೆಗಳು ಪಾಚಿಯಿಂದ ಜಾರುತ್ತವೆ, ಅಲೆ ಹೇಳಿ ಬರುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಪ್ರವಾಸಕ್ಕೆ ಬಂದಿದ್ದ ಕೇರಳದ ಮೂವರು ವಿದ್ಯಾರ್ಥಿಗಳು ಇಲ್ಲಿ ಸಮುದ್ರಪಾಲಾದರು. ನಿಮ್ಮದೇ ವಯಸ್ಸಿನವರು. ಒಂದು ಫೋಟೋಕ್ಕಾಗಿ ತುದಿಬಂಡೆಗೆ ಹೋಗಬೇಡಿ. ಕಾವಲಿನವರು ಸೀಟಿ ಊದಿದರೆ ಹಿಂದೆ ಬನ್ನಿ.

ಕೊನೆಯದಾಗಿ, ಈ ಲೇಖನ ಬರೆಯಲು ಕಾರಣವಾದ ಚಿಂತೆಯನ್ನು ಹೇಳಿಬಿಡುತ್ತೇನೆ. ನಾವು ಊರಿಗೆ ಹೋಗುತ್ತಿದ್ದುದು ಅಜ್ಜ ಅಜ್ಜಿಯರಿಗಾಗಿ, ಅವರ ಮನೆಗಾಗಿ. ಈಗ ಎಷ್ಟೋ ಮನೆಗಳಿಗೆ ಬೀಗ ಬಿದ್ದಿದೆ, ಕೆಲವು ಮಾರಾಟವಾಗಿವೆ. "ಅಲ್ಲಿ ಯಾರಿದ್ದಾರೆ, ಯಾಕೆ ಹೋಗಬೇಕು?" ಎಂದು ನೀವು ಕೇಳಿದಾಗ ನಿಮ್ಮ ತಂದೆ ತಾಯಂದಿರಿಗೆ ಉತ್ತರ ಹೊಳೆಯುವುದಿಲ್ಲ. ನಮ್ಮ ಕಾರಣಗಳು ನಮ್ಮೊಂದಿಗೇ ಮುಗಿಯಬಹುದು. ನಿಮ್ಮದೇ ಆದ ಹೊಸ ಕಾರಣಗಳು ನಿಮಗೆ ಬೇಕು. ಅದು ಒಂದು ಕಲ್ಲಾಗಬಹುದು, ಒಂದು ಕಡಲಾಗಬಹುದು, ಬೋಟು ನಡೆಸುವ ಒಬ್ಬ ಅಣ್ಣನ ಮಾತಾಗಬಹುದು. ಈ ಸಲದ ರಜೆಯಲ್ಲಿ ನಾಲ್ಕು ಗೆಳೆಯರು ಸೇರಿ ಹೊರಡಿ. ಬಂದ ಮೇಲೆ ನೀವು ಕಂಡದ್ದನ್ನು ತಪ್ಪೋ ಒಪ್ಪೋ, ಕನ್ನಡದಲ್ಲಿಯೇ ಬರೆದು ನಮ್ಮ ಪತ್ರಿಕೆಗೆ ಕೊಡಿ.